ಬಿಕಾಂ ಮಾಡ್ಲಾ, ಸಿನಿಮಾನೇ ಓದ್ಲಾ?

ಪ್ರಶ್ನೆ: ಸರ್, ಸೆಕೆಂಡ್ ಪಿಯುಸಿ ಕಾಮರ್ಸ್ ಮುಗೀತು. ಡಿಗ್ರಿಲೇ ಸಿನಿಮಾ ಮೇಜರ್ ತಗೋಬೇಕು ಅಂತ ಆಸೆ. ಅಪ್ಪ ಮಾತ್ರ "ಮೊದ್ಲು ಬಿಕಾಂ ಮಾಡು, ಟಾಕೀಸೇನು ಓಡಿ ಹೋಗಲ್ಲ" ಅಂತಾರೆ. ಯಾರ ಮಾತು ಕೇಳ್ಲಿ?
- ಓದುಗಿ, ಸಾಗರ

ಉತ್ತರ: ಅಪ್ಪ ಹೇಳೋದ್ರಲ್ಲೂ ಹುರುಳಿದೆ ಕಣಮ್ಮ. ಸಿನಿಮಾ ಕಲಿಸೋ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಇನ್‌ಸ್ಟಿಟ್ಯೂಟ್ ಎರಡರಲ್ಲೂ ಡೈರೆಕ್ಷನ್ ಓದೋಕೆ ಮೊದ್ಲು ಒಂದು ಡಿಗ್ರಿ ಬೇಕು, ಯಾವ ಸಬ್ಜೆಕ್ಟ್ ಆದ್ರೂ ನಡೆಯುತ್ತೆ. ನಿರ್ದೇಶಕ ಗಿರೀಶ್ ಕಾಸರವಳ್ಳಿ ಅವರು ಓದಿದ್ದು ಬಿ.ಫಾರ್ಮ, ಅದೂ ಮಣಿಪಾಲದಲ್ಲಿ! ಆಮೇಲೆ ಪುಣೆಗೆ ಹೋದ್ರು, 1977ರ 'ಘಟಶ್ರಾದ್ಧ'ಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲನೂ ಬಂತು. ಹಾಗಂತ ಮಾತ್ರೆ ಎಣಿಸಿದೋರೆಲ್ಲ ಕಾಸರವಳ್ಳಿ ಆಗಲ್ಲ ಬಿಡು.

ಆದ್ರೆ ಹದಿನೆಂಟರಲ್ಲೇ ಶುರು ಮಾಡಿದ್ರೆ ಒಂದು ಲಾಭ ಇದೆ, ತಪ್ಪು ಮಾಡೋಕೆ ಮೂರು ವರ್ಷ ಸಿಗುತ್ತೆ. ನಾವು ಕಾಲೇಜಲ್ಲಿ ಒಂದು ಅಡುಗೆಮನೆ ಸೀನ್ ತೆಗೆದಿದ್ವಿ, ಎಡಿಟಿಂಗ್‌ಗೆ ಕೂತಾಗ್ಲೇ ಗೊತ್ತಾಗಿದ್ದು ಒಂದು ಶಾಟಲ್ಲಿ ಫ್ರಿಜ್ ಗುಂಯ್ ಅಂತಿದೆ ಇನ್ನೊಂದ್ರಲ್ಲಿ ಇಲ್ಲ ಅಂತ, ಕಟ್ ಮಾಡಿದ ಕಡೆಯೆಲ್ಲ ಆ ಸದ್ದು ಬಂದು ಹೋಗಿ ಬಂದು ಹೋಗಿ ನಗೆಪಾಟಲು. ಅವತ್ತಿಂದ ಶೂಟ್ ಮುಗಿದ್ಮೇಲೆ ಎಲ್ರನ್ನೂ ಸುಮ್ನೆ ನಿಲ್ಲಿಸಿ ಅರ್ಧ ನಿಮಿಷ ಬರೀ ರೂಮಿನ ಸದ್ದು ರೆಕಾರ್ಡ್ ಮಾಡ್ಕೊಳ್ಳೋದು ರೂಢಿ ಆಯ್ತು, ಅದನ್ನ ಕಟ್‌ಗಳ ಕೆಳಗೆ ಹಾಸಿದ್ರೆ ಜೋಡಿಸಿದ್ದು ಕಿವಿಗೆ ಗೊತ್ತಾಗಲ್ಲ.

ಒಂದು ಎಚ್ಚರ. ಎಷ್ಟೋ ಕಡೆ ಬ್ರೋಷರಲ್ಲಿ ಫಿಲ್ಮ್ ಅಂತಿರುತ್ತೆ, ಒಳಗೆ ನೋಡಿದ್ರೆ ಜರ್ನಲಿಸಂ ಪೇಪರ್‌ಗಳೇ ಜಾಸ್ತಿ. ಫೀಸ್ ಕಟ್ಟೋ ಮುಂಚೆ ಫೈನಲ್ ಇಯರ್ ಹುಡುಗ್ರನ್ನ ಹಿಡ್ಕೊಂಡು ಕೇಳು, ಇಷ್ಟು ದಿನದಲ್ಲಿ ಎಷ್ಟು ಶಾರ್ಟ್ ಫಿಲ್ಮ್ ಮುಗಿಸಿದ್ದೀರ, ಕ್ಯಾಮೆರಾ ಕೈಗೆ ಕೊಡ್ತಾರಾ ಇಲ್ಲ ಬೀರುಲಿಟ್ಟು ಬೀಗ ಹಾಕಿರ್ತಾರಾ ಅಂತ. ಲ್ಯಾಬ್ ಫೋಟೋ ನೋಡಿ ಮರುಳಾಗ್ಬೇಡ.

ಕ್ಯಾಮೆರಾ, ಸೌಂಡ್ ಕೆಲಸನೇ ಬೇಕು ಅಂದ್ರೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟನ್ನೂ ವಿಚಾರಿಸು, ಅದರ ಮೂಲ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್. ಹಿಂದಿ ನಿರ್ದೇಶಕ ಗುರುದತ್ತರ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಕಲಿತಿದ್ದು ಆ ಪಾಲಿಟೆಕ್ನಿಕ್‌ನಲ್ಲೇ.

ಅಷ್ಟರಲ್ಲಿ ರಜೆ ಇದೆಯಲ್ಲ, ಫೋನಲ್ಲೇ ಮೂರು ನಿಮಿಷದ್ದೊಂದು ತೆಗಿ, ಅಪ್ಪನ್ನೇ ಆಕ್ಟ್ ಮಾಡೋಕೆ ನಿಲ್ಲಿಸು. ಬಿಕಾಂ ಮಾತು ಆ ಶೂಟಿಂಗ್ ಮುಗಿದ್ಮೇಲೆ ಮತ್ತೆ ತೆಗೀರಿ, ಫ್ರಿಜ್ ಮಾತ್ರ ಆಫ್ ಮಾಡಿರು.