ಪಿಂಚಣಿಯ ಲೆಕ್ಕವೂ ಅಮ್ಮನ ಮರುಮದುವೆಯೂ

ಗುರುತು ಹಿಡಿಯಲು ಆಸ್ಪದವಾಗುವ ವಿವರಗಳನ್ನೆಲ್ಲ ಬದಲಿಸಿ ಈ ಪ್ರಕರಣವನ್ನು ಬರೆಯಲಾಗಿದೆ. ಸಲಹೆ ಕೇಳಿ ಬಂದವರು 61 ವರ್ಷದ ತಾಯಿ. ಪತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆರ್ಥಿಕ ಹಿಂಜರಿತದಲ್ಲಿ ಮಗ ದುಡಿಯುತ್ತಿದ್ದ ಕಂಪನಿ ಮುಚ್ಚಿದ್ದರಿಂದ ಮಗ, ಸೊಸೆ ಮತ್ತು 14 ವರ್ಷದ ಮೊಮ್ಮಗಳು ಬಾಡಿಗೆ ಮನೆ ಬಿಟ್ಟು ತಾಯಿಯ ಮನೆಗೇ ಬಂದು ಸೇರಿದ್ದರು. ಐದು ತಿಂಗಳಿಂದ ಮನೆಗೆ ಖಾತ್ರಿಯಾಗಿ ಬರುತ್ತಿದ್ದ ಹಣವೆಂದರೆ ತಾಯಿಯ ಪಿಂಚಣಿಯೊಂದೇ. ಈ ನಡುವೆ ಅವರು, ಬೇರೆ ದೇಶದಿಂದ ಬಂದು ನೆಲೆಸಿದ, ಬೇರೆ ಧರ್ಮದ, ತಮಗಿಂತ ಮೂರು ವರ್ಷ ಹಿರಿಯರಾದ ಒಬ್ಬರನ್ನು ಮದುವೆಯಾಗುವ ಇಚ್ಛೆಯನ್ನು ಮನೆಯಲ್ಲಿ ತಿಳಿಸಿದರು. ಆ ಹಿರಿಯರ ಉಳಿತಾಯವೂ ಅವರ ತಾಯ್ನಾಡಿನ ನಾಣ್ಯದ ಮೌಲ್ಯ ಕುಸಿದಾಗ ಬಹುಪಾಲು ಕರಗಿಹೋಗಿತ್ತು.

‘ಅವರ ಆಚಾರ ಬೇರೆ, ನಮ್ಮದು ಬೇರೆ, ಈ ವಯಸ್ಸಿನಲ್ಲಿ ಇದೆಲ್ಲ ಬೇಕೇನಮ್ಮ’ ಎಂಬುದು ಮಗನ ಆಕ್ಷೇಪ. ಆದರೆ ಅವರೊಬ್ಬರನ್ನೇ ಕೂರಿಸಿಕೊಂಡು, ಮದುವೆಯಾದ ಮಾರನೆಯ ತಿಂಗಳು ಏನಾಗಬಹುದೆಂದು ನಿಮಗೆ ಭಯ ಎಂದು ಕೇಳಿದಾಗ, ಅವರು ಹೇಳಿದ್ದೆಲ್ಲ ಸಾಲದ ಕಂತು, ಮಗಳ ಶಾಲೆಯ ಶುಲ್ಕ ಮತ್ತು ಮನೆ ಯಾರ ಹೆಸರಿಗೆ ಹೋಗುತ್ತದೆ ಎಂಬುದರ ಬಗ್ಗೆ. ಆಚಾರದ ಮಾತು ಒಮ್ಮೆಯೂ ಬರಲಿಲ್ಲ. ತಾಯಿಯ ದುಡ್ಡಿನಲ್ಲಿ ಬದುಕುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಲು ನಾಚುವ ಮಗನಿಗೆ ಧರ್ಮ, ವಯಸ್ಸುಗಳ ಹೆಸರಿನಲ್ಲಿ ಆಕ್ಷೇಪಿಸುವುದು ಎಷ್ಟೋ ಸುಲಭ. ಇದನ್ನು ಕಪಟವೆಂದು ನಾನು ಕರೆಯಲಾರೆ.

1980ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದ ಕೃಷಿ ಬಿಕ್ಕಟ್ಟಿಗೆ ಸಿಲುಕಿದ ಕುಟುಂಬಗಳನ್ನು ಅಧ್ಯಯನ ಮಾಡಿದ ರ್‍ಯಾಂಡ್ ಕಾಂಗರ್ ಮತ್ತು ಅವರ ಸಂಗಡಿಗರು ಕಂಡುಕೊಂಡದ್ದೂ ಇದಕ್ಕೆ ಹತ್ತಿರವಾದದ್ದೇ: ಹಣದ ಒತ್ತಡ ಮೊದಲು ದೊಡ್ಡವರ ಮನಸ್ಸನ್ನು ಕುಗ್ಗಿಸುತ್ತದೆ, ಆ ಕುಗ್ಗುವಿಕೆ ಜಗಳವಾಗಿ ಹೊರಬೀಳುತ್ತದೆ, ಜಗಳದ ಬಿಸಿ ಕೊನೆಗೆ ಮಕ್ಕಳಿಗೆ ತಟ್ಟುತ್ತದೆ. ಈ ಮನೆಯಲ್ಲಿ ಅದು ತಟ್ಟಿದ್ದು ಮೊಮ್ಮಗಳಿಗೆ. ಅಪ್ಪ ಮತ್ತು ಅಜ್ಜಿ ಮಾತು ಬಿಟ್ಟಿದ್ದರಿಂದ ಇಬ್ಬರ ಮಾತುಗಳನ್ನೂ ಅವಳೇ ಅತ್ತಿಂದಿತ್ತ ಒಯ್ಯುತ್ತಿದ್ದಳು. ನನ್ನ ಮೊದಲ ಸಲಹೆ ಅವಳ ಪರವಾಗಿತ್ತು: ಅಂದಿನಿಂದಲೇ ಆ ಕೆಲಸದಿಂದ ಅವಳನ್ನು ಬಿಡಿಸಬೇಕು, ಹೇಳಬೇಕಾದದ್ದನ್ನು ದೊಡ್ಡವರು ಎದುರುಬದುರು ಕೂತು ಹೇಳಿಕೊಳ್ಳಬೇಕು.

ಎರಡನೆಯದಾಗಿ, ಹಣದ ಮಾತು ಮತ್ತು ಮದುವೆಯ ಮಾತು ಒಂದೇ ದಿನ ಆಗಕೂಡದೆಂದು ಸೂಚಿಸಿದೆ. ವಾರಕ್ಕೊಂದು ದಿನ ಮನೆಯ ಲೆಕ್ಕಕ್ಕೆ ಮೀಸಲು. ತಾಯಿ ತಿಂಗಳಿಗೆ ಎಷ್ಟು ಕೊಡಬಲ್ಲರು, ಎಲ್ಲಿಯವರೆಗೆ, ಅದು ನೆರವೋ ಸಾಲವೋ ಎಂಬುದನ್ನು ಕಾಗದದ ಮೇಲೆ ಬರೆದಿಡಬೇಕು. ಮರುಮದುವೆಯಿಂದ ಪಿಂಚಣಿಯ ಹಕ್ಕಿನಲ್ಲಿ ಏನಾದರೂ ಬದಲಾಗುವುದೇ, ಮನೆಯ ಉಯಿಲನ್ನು ಹೇಗೆ ಬರೆಯಬೇಕು ಎಂಬುದನ್ನು ತಾಯಿಯು ಮಗನನ್ನಾಗಲಿ ಭಾವೀ ಪತಿಯನ್ನಾಗಲಿ ಜತೆಗೆ ಕರೆದೊಯ್ಯದೆ ತಾವೇ ವಕೀಲರಲ್ಲಿ ವಿಚಾರಿಸಬೇಕು. ಬಿಕ್ಕಟ್ಟು ಕಳೆಯುವವರೆಗೆ ಮನೆ ಮಾರಾಟ, ಜಂಟಿ ಖಾತೆ, ಯಾರದೇ ಸಾಲಕ್ಕೆ ಜಾಮೀನು ಬೇಡವೆಂದೂ ಹೇಳಿದೆ.

ಮಗನ ಅನುಮಾನವನ್ನು ನಾನು ತಳ್ಳಿಹಾಕಲಿಲ್ಲ. ಕಷ್ಟಕಾಲದಲ್ಲಿ ಒಂಟಿ ಹಿರಿಯರ ಹಣಕ್ಕಾಗಿ ಪ್ರೀತಿಯ ವೇಷ ಹಾಕುವವರಿದ್ದಾರೆ. ಹಣ ಕೇಳಿದ್ದಾರೆಯೇ, ಸಂಬಂಧವನ್ನು ಗುಟ್ಟಾಗಿಡಲು ಒತ್ತಾಯಿಸಿದ್ದಾರೆಯೇ, ಮನೆಯವರಿಂದ ದೂರ ಮಾಡಲು ನೋಡಿದ್ದಾರೆಯೇ ಎಂದು ತಾಯಿಯನ್ನು ನೇರವಾಗಿ ಕೇಳಿದೆ. ಹಾಗೇನೂ ಇರಲಿಲ್ಲ. ಆ ಹಿರಿಯರೂ ಬಂದು ಮಾತನಾಡಿದರು; ಮನೆಯ ಮೇಲೆ ತಮಗೆ ಯಾವ ಹಕ್ಕೂ ಬೇಡವೆಂದು ಬರೆದುಕೊಡಲು ತಾವಾಗಿಯೇ ಮುಂದಾದರು.

ವಿರೋಧಿಸಿದಷ್ಟೂ ಪ್ರೀತಿ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಾಯಿಗಿತ್ತು. ಹೆತ್ತವರ ಅಡ್ಡಿ ಪ್ರೇಮವನ್ನು ಹೆಚ್ಚಿಸುತ್ತದೆಂದು 1972ರ ಒಂದು ಅಧ್ಯಯನ ಹೇಳಿತ್ತು. 2014ರಲ್ಲಿ ಅದನ್ನೇ ಮತ್ತೆ ಪರೀಕ್ಷಿಸಿದಾಗ ಆ ಫಲಿತಾಂಶ ಸಿಗಲಿಲ್ಲ, ಹತ್ತಿರದವರ ಒಪ್ಪಿಗೆಯಿದ್ದಲ್ಲೇ ಸಂಬಂಧ ಚೆನ್ನಾಗಿರುವುದು ಕಂಡಿತು. ಇಲ್ಲಿ ವಿರೋಧಿಸುತ್ತಿರುವವನು ಮಗ ಎಂಬ ವ್ಯತ್ಯಾಸವಿದ್ದರೂ, ಅವನ ಒಪ್ಪಿಗೆಗಾಗಿ ಪ್ರಯತ್ನಿಸುವುದು ಯೋಗ್ಯವೆಂದು ಅವರಿಗೆ ತಿಳಿಸಿದೆ. ಆದರೆ ತನಗೆ ಕೆಲಸ ಸಿಗುವವರೆಗೆ ಮದುವೆ ಮುಂದೂಡಬೇಕೆಂಬ ಮಗನ ಷರತ್ತನ್ನು ನಾನು ಬೆಂಬಲಿಸಲಿಲ್ಲ. ಆಸ್ತಿಯ ನಿರ್ಧಾರಗಳು ಕಾಯಬಹುದು. ಮನೆಯನ್ನು ಸಾಕುತ್ತಿರುವ ಕಾರಣಕ್ಕೇ ಒಬ್ಬ ಹೆಂಗಸಿನ ಬದುಕು ಒತ್ತೆಗೆ ಬೀಳುವುದು ನ್ಯಾಯವಲ್ಲ.

ಸಂಸ್ಕೃತಿಯ ವಿಷಯವನ್ನು ಆ ಜೋಡಿಯೊಂದಿಗೇ ಪ್ರತ್ಯೇಕವಾಗಿ ಚರ್ಚಿಸಿದೆ. ಪರಸ್ಪರ ಗೌರವವಿದೆ ಎಂದರೆ ಸಾಲದು. ಒಬ್ಬರು ಹಾಸಿಗೆ ಹಿಡಿದರೆ ಚಿಕಿತ್ಸೆಯ ತೀರ್ಮಾನ ಯಾರದ್ದು, ಅಂತ್ಯಸಂಸ್ಕಾರ ಯಾವ ವಿಧಿಯಲ್ಲಿ, ಕೋಪ ಬಂದಾಗ ಯಾವ ಭಾಷೆಯಲ್ಲಿ ಮಾತು ಎಂಬ ಪ್ರಶ್ನೆಗಳಿಗೆ ಮದುವೆಗೆ ಮುಂಚೆಯೇ ಉತ್ತರ ಹುಡುಕಿಕೊಳ್ಳಬೇಕೆಂದೆ.

ಈಗ ಲೆಕ್ಕದ ಪುಸ್ತಕ ನಿಯಮಿತವಾಗಿ ನಡೆಯುತ್ತಿದೆ, ಮಗ ಅರೆಕಾಲಿಕ ಕೆಲಸವೊಂದನ್ನು ಹಿಡಿದಿದ್ದಾರೆ. ಆ ಹಿರಿಯರೊಡನೆ ಅವರು ಇನ್ನೂ ನೇರವಾಗಿ ಮಾತನಾಡಿಲ್ಲ. ಮದುವೆಯ ನೋಂದಣಿಗೆ ದಿನ ಗೊತ್ತಾಗಿದೆ. ಅಂತ್ಯಸಂಸ್ಕಾರದ ಪ್ರಶ್ನೆಯೊಂದು ಮಾತ್ರ ಇತ್ಯರ್ಥವಾಗದೆ ಉಳಿದಿರುವುದರಿಂದ, ಅದನ್ನು ಚರ್ಚಿಸಲು ತಾಯಿ ಮತ್ತು ಅವರ ಸಂಗಾತಿ ಇನ್ನೊಮ್ಮೆ ಬರಲಿದ್ದಾರೆ.