ಅತ್ತಿಕಾಯಿಯ ಹುಳಕ್ಕೆ ಔಷಧ ಹುಡುಕುವವರಿಗೆ

ಪ್ರಶ್ನೆ: ತೋಟದ ಅಂಚಿನಲ್ಲಿ, ಹಳ್ಳದ ಬದಿಗೆ ದೊಡ್ಡ ಅತ್ತಿಮರವಿದೆ. ಬೊಡ್ಡೆಯಿಂದ ಕೊಂಬೆಯವರೆಗೂ ಕಾಯಿ, ಆದರೆ ಒಂದನ್ನೂ ಬಿಡದೆ ಎಲ್ಲದರಲ್ಲೂ ಹುಳ. ಯಾವ ಔಷಧ ಹೊಡೆಯಬೇಕು? ಈ ಹುಳ ಅಡಿಕೆಗೆ, ಬಾಳೆಗೆ ದಾಟುತ್ತದೆಯೇ? ಮರ ಕಡಿಸುವುದೇ ಒಳ್ಳೆಯದು ಎನ್ನುತ್ತಾರೆ ಔಷಧದ ಅಂಗಡಿಯವರು. (ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಹಲವರು)

ಉತ್ತರ: ಔಷಧ ಹೊಡೆಯಬೇಡಿ. ಮರ ಕಡಿಸಬೇಡಿ. ಅಡಿಕೆಗೂ ಬಾಳೆಗೂ ಅದು ದಾಟುವುದಿಲ್ಲ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಎರಡು ಸಾಲಿನ ಉತ್ತರ ಕೊಟ್ಟರೆ ಯಾರೂ ನಂಬುವುದಿಲ್ಲ, ಮರ ಬೀಳುವುದೂ ನಿಂತಿಲ್ಲ. ಈ ಸಲ ಪೂರ್ತಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಕಾಯಿ ಎಂದು ನಿಮಗೆ ಕಾಣುವುದು ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ಸಾವಿರಾರು ಪುಟ್ಟ ಹೂಗಳು ಅದರೊಳಗಿವೆ. ಒಳಗೆ ಹೋಗಲು ಇರುವ ದಾರಿ ಒಂದೇ, ತುದಿಯಲ್ಲಿರುವ ಕಣ್ಣು. ಹೆಣ್ಣು ಹೂ ಅರಳಿದಾಗ ಕಾಯಿ ಒಂದು ವಾಸನೆ ಬಿಡುತ್ತದೆ. ಅದನ್ನು ಹಿಡಿದು ನೊರಜಿನಷ್ಟು ಸಣ್ಣ ಕಣಜ ಬರುತ್ತದೆ. ಅತ್ತಿಯ ಕಣಜಕ್ಕೆ ಸೆರಟೊಸೋಲೆನ್ ಫುಸಿಸೆಪ್ಸ್ ಎಂದು ಹೆಸರು. ಕಣ್ಣಿನ ಪದರಗಳ ನಡುವೆ ನುಸುಳುವಾಗ ರೆಕ್ಕೆ ಹರಿಯುತ್ತದೆ, ಮೀಸೆ ಮುರಿಯುತ್ತದೆ. ಮತ್ತೆ ಅದು ಹೊರಗೆ ಬರುವುದಿಲ್ಲ. ಎದೆಯ ಭಾಗದ ಚೀಲಗಳಲ್ಲಿ ತಂದ ಪರಾಗವನ್ನು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳೊಳಗೆ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಗಂಟಾಗಿ ಒಂದೊಂದು ಮರಿಯನ್ನು ಸಾಕುತ್ತದೆ. ನೀವು ಹುಳ ಎನ್ನುವುದು ಈ ಕಣಜವನ್ನೇ. ಪರಾಗ ಮಾತ್ರ ಸಿಕ್ಕ ಹೂ ಬೀಜವಾಗುತ್ತದೆ.

ಸುಮಾರು ಒಂದೂವರೆ ಎರಡು ತಿಂಗಳಾದ ಮೇಲೆ ಮೊದಲು ರೆಕ್ಕೆಯಿಲ್ಲದ ಗಂಡುಗಳು ಏಳುತ್ತವೆ. ಹೆಣ್ಣು ಇನ್ನೂ ಗಂಟಿನೊಳಗೆ ಇರುವಾಗಲೇ ಕೂಡಿ, ಕಾಯಿಯ ಗೋಡೆ ಕೊರೆದು, ಸಾಯುತ್ತವೆ. ಅಷ್ಟರಲ್ಲಿ ಗಂಡು ಹೂಗಳು ಬಲಿತಿರುತ್ತವೆ. ಹೆಣ್ಣು ಕಣಜ ಪರಾಗ ತುಂಬಿಕೊಂಡು ಗಂಡು ಕೊರೆದ ತೂತಿನಿಂದ ಹಾರಿಹೋಗುತ್ತದೆ. ಕಾಯಿ ಮೆತ್ತಗಾಗಿ ಕೆಂಪಗಾಗುವುದು ಆಮೇಲೆ. ಹುಳ ಹೊಗದ ಕಾಯಿಯನ್ನು ಮರ ಹಸಿರಾಗಿರುವಾಗಲೇ ಉದುರಿಸಿಬಿಡುತ್ತದೆ. ಹುಳವಿಲ್ಲದ ಅತ್ತಿಹಣ್ಣು ಬೇಕು ಎನ್ನುವವರು ಹಣ್ಣೇ ಬೇಡ ಎಂದಂತೆ.

ಇನ್ನು ಔಷಧದ ಮಾತು. ಕಣಜ ಕಾಯಿಯ ಹೊರಗೆ ಬದುಕುವುದು ಹೆಚ್ಚೆಂದರೆ ಒಂದೆರಡು ದಿನ, ಉಳಿದ ಆಯುಷ್ಯವೆಲ್ಲ ಮುಚ್ಚಿದ ಗೋಡೆಯ ಒಳಗೆ. ಮೇಲಿನಿಂದ ಸಿಂಪಡಿಸಿದ್ದು ಅದಕ್ಕೆ ತಲುಪದು. ತಲುಪುವುದು ಮುಜಂಟಿ, ತುಡುವೆ ಜೇನುಗಳಿಗೆ, ಕೆಳಗಿನ ಹಳ್ಳಕ್ಕೆ. ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಅತ್ತಿಗೂ ಹೊಡೆಸುವವರಿದ್ದಾರೆ. ಅದು ಶಿಲೀಂಧ್ರಕ್ಕೆ ಇರುವ ಮದ್ದು, ಇಲ್ಲಿ ಮೈಲುತುತ್ತವೂ ದಂಡ, ಕೂಲಿಯೂ ದಂಡ. ಇಮಿಡಾಕ್ಲೋಪ್ರಿಡ್ ಬುಡಕ್ಕೆ ಹೊಯ್ಯಿರಿ, ಕಾಂಡಕ್ಕೆ ಚುಚ್ಚಿ ಎಂದು ಹೇಳುವವರು ಇನ್ನೂ ಅಪಾಯಕಾರಿ. ಆ ವಿಷ ರಸದೊಂದಿಗೆ ಮರವೆಲ್ಲ ಏರುತ್ತದೆ, ನೀರಿನ ಹುಳುಗಳಿಗಂತೂ ಅತಿ ಘೋರ. ಅತ್ತಿ ಬೆಳೆಯುವುದೇ ನೀರಿನ ಬದಿ. ಇಂಥ ಸಲಹೆ ಕೊಡುವ ಅಂಗಡಿಗೆ ಎರಡನೇ ಸಲ ಹೋಗಬೇಡಿ.

ದಾಟುವ ಭಯವೂ ಬೇಡ. ಈ ಕಣಜಕ್ಕೆ ಮೊಟ್ಟೆಯಿಡಲು ಅತ್ತಿಯ ಹೂವೇ ಆಗಬೇಕು. ಅಶ್ವತ್ಥಕ್ಕೆ ಬೇರೆ ಕಣಜ, ಆಲಕ್ಕೆ ಬೇರೆ. ಪಕ್ಕದ ಆಲಕ್ಕೇ ಹೋಗದ್ದು ನಿಮ್ಮ ಅಡಿಕೆಯ ಹಿಂಗಾರಕ್ಕೆ (ಹೂಗೊಂಚಲಿಗೆ) ಬರುವುದಿಲ್ಲ. ಅಡಿಕೆಯ ಬೇರು ಹುಳಕ್ಕೂ ಹಿಂಗಾರ ತಿನ್ನುವ ಹುಳಕ್ಕೂ ಅತ್ತಿಗೂ ಯಾವ ಸಂಬಂಧವೂ ಇಲ್ಲ.

ಕಾಯಿಯ ಹೊರಗೆ ನಿಂತು ಉದ್ದನೆಯ ಸೂಜಿ ಇಳಿಸುವ ಬೇರೆ ಕಣಜಗಳೂ ಕಾಣುತ್ತವೆ. ಅವು ಪರಾಗ ಹಚ್ಚುವುದಿಲ್ಲ. ಕೆಲವು ತಾವೇ ಗಂಟು ಕಟ್ಟುತ್ತವೆ, ಕೆಲವು ಬೇರೆಯವರ ಮರಿಯನ್ನು ತಿನ್ನುತ್ತವೆ. ಅಪೊಕ್ರಿಪ್ಟಾ ಎಂಬುದರ ಸೂಜಿಯ ತುದಿಗೆ ಸತುವಿನ ಗಟ್ಟಿತನವಿದೆ, ಹಸಿ ಕಾಯಿಯನ್ನು ಅದು ಕೊರೆಯುವುದು ಅದರಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ಅತ್ತಿ, ಕಣಜ, ಇರುವೆಗಳ ಈ ವ್ಯವಹಾರವನ್ನು ವರ್ಷಗಟ್ಟಲೆ ಬಿಡಿಸಿ ನೋಡಿದ್ದಾರೆ. ಸೂಜಿ ಇಳಿಸಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಚಗಳಿ ಇರುವೆ ಬಂದು ಹಿಡಿಯುತ್ತದೆ. ಆದ್ದರಿಂದ ಅತ್ತಿಮರದ ಚಗಳಿ ಗೂಡಿಗೆ ಬೆಂಕಿ ಇಡಬೇಡಿ. ಕಚ್ಚುತ್ತದೆ ನಿಜ, ಆದರೆ ಮರಕ್ಕೆ ಅದು ಬೇಕು.

ಕಡಿಯಬೇಡಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇನ್ನೊಂದಿದೆ. ಒಂದು ಮರದ ಫಸಲು ಸಾಮಾನ್ಯವಾಗಿ ಒಟ್ಟಿಗೇ ಬಲಿಯುತ್ತದೆ. ಕಣಜ ಹೊರಬರುವ ದಿನ ಅದೇ ಮರದಲ್ಲಿ ಹೊಗಲು ತಯಾರಾದ ಎಳೆಗಾಯಿ ಇರುವುದು ಕಡಿಮೆ. ಒಂದೆರಡು ದಿನದ ಆಯುಷ್ಯದಲ್ಲಿ ಅದು ಬೇರೆ ಮರ ಹುಡುಕಬೇಕು. ಗಾಳಿ ಇವನ್ನು ದೂರ ಒಯ್ಯುತ್ತದೆ. ಆಫ್ರಿಕದ ನಮೀಬ್ ಮರುಭೂಮಿಯಲ್ಲಿ ಇದೇ ಗುಂಪಿನ ಕಣಜ 160 ಕಿಲೋಮೀಟರ್ ದೂರದ ಮರಕ್ಕೆ ಪರಾಗ ಮುಟ್ಟಿಸಿದ್ದು 2009ರಲ್ಲಿ ಪ್ರಕಟವಾಗಿದೆ. ಹಾಗೆಂದು ಹತ್ತಿರದ ಮರ ಹೋದರೂ ನಡೆಯುತ್ತದೆ ಎಂದು ತಿಳಿಯಬೇಡಿ. ಹೊರಟ ಕಣಜಗಳಲ್ಲಿ ಮುಟ್ಟುವವು ಬಹಳ ಕಡಿಮೆ. ಹಳ್ಳದಗುಂಟ ಒಂದೊಂದು ತಿಂಗಳು ಒಂದೊಂದು ಅತ್ತಿ ಕಾಯಿ ಬಿಡುತ್ತಿದ್ದರೆ ಮಾತ್ರ ಕಣಜದ ಸಂತತಿ ತುಂಡಾಗದೆ ನಡೆಯುತ್ತದೆ. ಬೇರೆ ಹಣ್ಣು ಸಿಗದ ತಿಂಗಳಲ್ಲಿ ದಾಂಡೇಲಿಯ ಮಂಗಟ್ಟೆಗೂ ಅಘನಾಶಿನಿ ಕಣಿವೆಯ ಸಿಂಗಳೀಕಕ್ಕೂ ಅತ್ತಿ, ಆಲ, ಗೋಣಿಗಳೇ ಆಧಾರ. ನೀವು ಕಡಿದ ಒಂದು ಮರದ ಲೆಕ್ಕ ನಿಮ್ಮ ಬೇಲಿಯೊಳಗೆ ಮುಗಿಯುವುದಿಲ್ಲ.

ಬೆಟ್ಟದಲ್ಲಿ ಸೊಪ್ಪು ಕಡಿಸುವವರು ಒಂದು ವಿಷಯ ಗಮನಿಸಿ. ಅತ್ತಿ ಕಾಯಿ ಬಿಡುವುದು ಬೊಡ್ಡೆಯ ಮೇಲಿನ, ಎಲೆಯಿಲ್ಲದ ಗಿಡ್ಡ ಕಡ್ಡಿಗಳಲ್ಲಿ. ಮರ ಹತ್ತಲು ಅಡ್ಡಿ ಎಂದು ಕತ್ತಿಯಿಂದ ಅವನ್ನು ಸವರಿಹಾಕಿದರೆ ಮುಂದಿನ ಫಸಲೂ ಹೋಯಿತು. ಮೇಲಿನ ಕೊಂಬೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಸಬೇಡಿ, ಬೊಡ್ಡೆ ಮುಟ್ಟಲೇಬೇಡಿ.

ಹೊಸ ಗಿಡ ಮಾಡಬೇಕಾದರೆ ತೂತು ಬಿದ್ದು ಮೆತ್ತಗಾದ ಹಣ್ಣು ಆರಿಸಿ, ನೀರಿನಲ್ಲಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ, ಮತ್ತೆ ನೀರಿಗೆ ಹಾಕಿ. ತೇಲುವುದು ಖಾಲಿ ಗಂಟು, ಮುಳುಗುವುದು ಬೀಜ. ಸಣ್ಣ ಮರಳು ಮತ್ತು ಜರಡಿ ಹಿಡಿದ ಸೊಪ್ಪುಗೊಬ್ಬರ ಸಮಪಾಲು ಬೆರೆಸಿ, ಒದ್ದೆ ಮಾಡಿ, ಬೀಜವನ್ನು ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ. ಮೊಳಕೆಗೆ ಬೆಳಕು ಬೇಕು, ಮುಚ್ಚಿದವರೇ ಬೀಜ ಹುಟ್ಟಲಿಲ್ಲ ಎಂದು ದೂರುತ್ತಾರೆ. ಹೂಜಿಯಿಂದ ನೀರು ಹೊಯ್ದರೆ ಬೀಜ ಕೊಚ್ಚಿಹೋಗುತ್ತದೆ, ತುಂತುರು ಮಾತ್ರ. ಬಾವಿ ಮತ್ತು ಮನೆಯ ಅಡಿಪಾಯದಿಂದ ದೂರ, ಹಳ್ಳದ ದಂಡೆಗೆ ನೆಡಿ.

ತಿನ್ನುವವರು ಹಣ್ಣನ್ನು ಎರಡು ಹೋಳು ಮಾಡಿ ಕಾಲು ಗಂಟೆ ಬಿಸಿಲಿಗಿಟ್ಟು ಕೊಡವಿ. ಉಳಿದ ಕಣಜ ಹಾರಿಹೋಗುತ್ತದೆ. ಅದು ಮನುಷ್ಯರನ್ನು ಕಚ್ಚುವುದಿಲ್ಲ, ವಿಷವೂ ಅಲ್ಲ. ಬಾವಲಿ ಕಚ್ಚಿದ್ದನ್ನೂ ನೆಲಕ್ಕೆ ಬಿದ್ದದ್ದನ್ನೂ ಮಾತ್ರ ತಿನ್ನಬೇಡಿ. 2018ರಲ್ಲಿ ಕೇರಳದಲ್ಲಿ ನಿಫಾ ಕಾಣಿಸಿಕೊಂಡ ಮೇಲೆ ಈ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ.

ಪ್ರಶ್ನೆ: ಬೀಜದಿಂದ ಎಬ್ಬಿಸಿದ ಮುರುಗಲು (ಪುನರ್ಪುಳಿ), ಹತ್ತು ವರ್ಷವಾಯಿತು. ಹೂ ಬರುತ್ತದೆ, ಕಾಯಿ ಇಲ್ಲ. ಕಡಿಯಲೇ? (ಹೊನ್ನಾವರ)

ಉತ್ತರ: ಅದು ಬಹುಶಃ ಗಂಡು ಮರ. ಮುರುಗಲಿಗೆ ಗಂಡು ಹೆಣ್ಣು ಬೇರೆ ಬೇರೆ ಮರ, ಉಪ್ಪಾಗೆಗೂ ಹಾಗೆಯೇ. ಬೀಜದ ಗಿಡದಲ್ಲಿ ಸುಮಾರು ಅರ್ಧ ಗಂಡೇ ಬರುತ್ತದೆ. ಹೂ ಬಿಟ್ಟಾಗ ನೋಡಿ: ನಡುವೆ ಹಸಿರು ಗುಂಡಗೆ ಪುಟ್ಟ ಕಾಯಿಯಂತೆ ಇದ್ದರೆ ಹೆಣ್ಣು, ಬರೀ ಹಳದಿ ಕೇಸರಗಳ ಗುಚ್ಛವಾದರೆ ಗಂಡು. ಆಗಲೇ ಬೊಡ್ಡೆಗೆ ಬಣ್ಣ ಹಚ್ಚಿ ಗುರುತು ಮಾಡಿ. ಹತ್ತು ಹೆಣ್ಣಿಗೆ ಒಂದಾದರೂ ಗಂಡು ಉಳಿಸಿ. ಗಂಡು ವಿಪರೀತ ಇದ್ದರೆ ಕೆಲವನ್ನು ಸೊಂಟದೆತ್ತರಕ್ಕೆ ಕತ್ತರಿಸಿ, ಬಂದ ಚಿಗುರಿಗೆ ಹೆಣ್ಣು ಮರದ ಕಡ್ಡಿ ಕಸಿ ಕಟ್ಟಿ. ಕಡ್ಡಿಯನ್ನು ನೆಟ್ಟಗೆ ಮೇಲೇಳುವ ಚಿಗುರಿನಿಂದಲೇ ತೆಗೆಯಬೇಕು. ಅಡ್ಡಕೊಂಬೆಯ ಕಡ್ಡಿ ಅಡ್ಡಡ್ಡಕ್ಕೇ ಹರಡಿ ಪೊದೆಯಾಗುತ್ತದೆ.

ಪ್ರಶ್ನೆ: ಅಂಗಡಿಯ ಅಂಜೂರದಲ್ಲೂ ಕಣಜ ಸತ್ತಿರುತ್ತದಂತೆ, ಸಸ್ಯಾಹಾರಿಗಳು ತಿನ್ನಬಹುದೇ?

ಉತ್ತರ: ನಮ್ಮಲ್ಲಿ ಬೆಳೆಯುವ ಪುಣೆ ಅಂಜೂರ ಕಣಜವಿಲ್ಲದೆಯೇ ಹಣ್ಣಾಗುವ ತಳಿ. ತಿನ್ನಿ.

ಪ್ರಶ್ನೆ: ತೇಗದ ಎಲೆಯೆಲ್ಲ ಬರೀ ನರ ಉಳಿದು ಜಾಲರಿಯಾಗಿದೆ. ಮರ ಸತ್ತಿತೇ? (ಯಲ್ಲಾಪುರ)

ಉತ್ತರ: ಇಲ್ಲ. ಎಲೆಯ ಹಸಿರು ಕೆರೆದು ತಿನ್ನುವ ಹುಳದ ಕೆಲಸ ಅದು, ಮರ ಮತ್ತೆ ಚಿಗುರುತ್ತದೆ.

ಪ್ರಶ್ನೆ: ಹೊಂಗೆ ಎಲೆಯ ಮೇಲೆ ಬೆರಳಿನಂಥ ಗಂಟುಗಳು. ಏನು ರೋಗ? (ಕಾರವಾರ)

ಉತ್ತರ: ಕಣ್ಣಿಗೆ ಕಾಣದ ನುಸಿ ಕಟ್ಟಿಸಿಕೊಂಡ ಗಂಟು. ಬಿಟ್ಟುಬಿಡಿ.

ಪ್ರಶ್ನೆ: ಅತ್ತಿಕಾಯಿ ತಿಂದರೆ ಸಕ್ಕರೆ ಕಾಯಿಲೆ ಪೂರ್ತಿ ವಾಸಿ, ಮಾತ್ರೆ ಬಿಡಬಹುದು ಎಂದು ನಮ್ಮೂರಿನ ಔಷಧ ಕೊಡುವವರು ಹೇಳುತ್ತಾರೆ, ಹೌದೇ?

ಉತ್ತರ: ಮಾತ್ರೆ ಬಿಡಬೇಡಿ. ಬಿಡಿ ಎಂದವರ ಬಳಿ ಹೋಗಬೇಡಿ.

ಪ್ರಶ್ನೆ: ಅತ್ತಿ ಹೂ ನಡುರಾತ್ರಿ ಅರಳುತ್ತದೆ, ಕಂಡವರಿಗೆ ಸಂಪತ್ತು ಬರುತ್ತದೆ ಎಂದು ಒಬ್ಬರು ಆ ಹೂ ಕೊಡಲು ಐದು ಸಾವಿರ ಕೇಳುತ್ತಿದ್ದಾರೆ.

ಉತ್ತರ: ಗೋಲಿ ಗಾತ್ರದ ಎಳೆಗಾಯಿಯನ್ನು ಹಗಲಿನಲ್ಲೇ ಅಡ್ಡಕ್ಕೆ ಕೊಯ್ದು ನೋಡಿ, ಸಾವಿರಾರು ಹೂ ಇರುತ್ತವೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.