ಕೋಬ್ರಾ ರೆಪ್ಲಿಕಾ ಕಾರಿನ 17 ಇಂಚಿನ ವೀಲ್ ತೆಗೆದು ಹಳೇ ಶೈಲಿಯ 15 ಇಂಚಿನದು ಹಾಕಬಹುದಾ? ಸ್ಪೇಸರ್ ಹಾಕಿದರೆ ಸಾಕಾ?

ನೀವು ಕೇಳಿದ್ದು ಇಷ್ಟು. ಕೋಬ್ರಾ ರೆಪ್ಲಿಕಾ, ಅಂದರೆ 1960ರ ದಶಕದ ಕೋಬ್ರಾ ಸ್ಪೋರ್ಟ್ಸ್ ಕಾರಿನ ನಕಲು, ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೀರಿ. ಹಿಂದಿನ ಮಾಲೀಕರು 17 ಇಂಚಿನ ಅಲಾಯ್ ಹಾಕಿಸಿದ್ದಾರೆ. ಹಿಂದಿನ ಚಕ್ರ 8 ಇಂಚು ಅಗಲ, ಟೈರು 245/45, ಅಂದರೆ 245 ಮಿಮೀ ಅಗಲ, ಪಕ್ಕೆಯ ಎತ್ತರ ಅದರ ಶೇ. 45. ಇದನ್ನೆಲ್ಲ ತೆಗೆದು ಹಾಲಿಬ್ರಾಂಡ್ (ಹಳೇ ರೇಸ್ ಕಾರುಗಳ ವೀಲ್ ಕಂಪನಿ) ಮಾದರಿಯ 15 ಇಂಚಿನ ವೀಲ್ ಹಾಕಬೇಕು, ಹಿಂದೆ 9.5 ಇಂಚು ಅಗಲ ಬೇಕು, ಮಡ್‌ಗಾರ್ಡ್ ಅಂಚಿಗೆ ಸರಿಯಾಗಿ ಕೂರದಿದ್ದರೆ ಸ್ಪೇಸರ್, ಅಂದರೆ ಚಕ್ರವನ್ನು ಹೊರಗೆ ತಳ್ಳಲು ನಡುವೆ ಇಡುವ ಬಿಲ್ಲೆ, ಹಾಕಿದರೆ ಆಯ್ತಲ್ಲ ಅಂತ.

ಹಾಕಬಹುದು. ನಾನೂ ಇದೇ ಕೆಲಸ ಮಾಡಿದ್ದೇನೆ, ಫಲಿತಾಂಶ ನೋಡಿದರೆ ಇವತ್ತಿಗೂ ಖುಷಿ. ಆದರೆ ಸ್ಪೇಸರ್‌ನಿಂದ ಶುರು ಮಾಡಬೇಡಿ. ಟೈರಿನಿಂದ ಶುರು ಮಾಡಿ, ಆಮೇಲೆ ರಿಮ್, ಆಮೇಲೆ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ). ಅದಕ್ಕೂ ಮೊದಲು ನಿಮ್ಮ ಕಾರನ್ನೇ ಅಳೆಯಿರಿ. ಬೇರೆಯವರ ಕಾರಿನ ಅಳತೆ ಕೇಳಿ ವೀಲ್ ತರಿಸಬೇಡಿ. ಫ್ಯಾಕ್ಟರಿ ಕಾರಾದರೆ ಒಂದರ ಅಳತೆ ಇನ್ನೊಂದಕ್ಕೆ ಆಗುತ್ತದೆ. ರೆಪ್ಲಿಕಾ ಹಾಗಲ್ಲ. ಒಂದರ ಆಕ್ಸಲ್ ಜಾಗ್ವಾರ್‌ನದು, ಇನ್ನೊಂದರದು ಫೋರ್ಡ್ ಸಿಯೆರಾದ್ದು, ಮತ್ತೊಂದಕ್ಕೆ ಬ್ರೇಕು ಯಾವುದೋ ದೊಡ್ಡ ಕಾರಿಂದ ಬಂದಿರುತ್ತದೆ. ಬಾಡಿ ಕೈಯಲ್ಲಿ ಮಾಡಿದ ಫೈಬರ್‌ದು, ಹಾಗಾಗಿ ಎಡಗಡೆ ಮಡ್‌ಗಾರ್ಡಿಗೂ ಬಲಗಡೆಗೂ ವ್ಯತ್ಯಾಸ ಇರುವುದು ಮಾಮೂಲಿ. ನನ್ನ ಕಾರಿನಲ್ಲಿ ಹಿಂದುಗಡೆ ಎರಡು ಪಕ್ಕಕ್ಕೂ 9 ಮಿಮೀ ವ್ಯತ್ಯಾಸ ಇತ್ತು. ಒಂದೇ ಕಡೆ ಅಳೆದು ಆರ್ಡರ್ ಮಾಡಿದ್ದರೆ ಇನ್ನೊಂದು ಕಡೆ ಟೈರು ಉಜ್ಜುತ್ತಿತ್ತು.

ಮೊದಲು ಟೈರು ಯಾಕೆ ಅಂದರೆ, ಈ ಕಾರಿನ ಚೆಂದ ಇರುವುದೇ ಟೈರಿನ ಎತ್ತರದಲ್ಲಿ. 1962ರಲ್ಲಿ ಕ್ಯಾರಲ್ ಶೆಲ್ಬಿ ಎಸಿ ಏಸ್ ಕಾರಿಗೆ ಫೋರ್ಡ್ ವಿ8 ಇಂಜಿನ್ ಕೂರಿಸಿದಾಗ ಅದಕ್ಕೆ ಇದ್ದದ್ದು ಕಡ್ಡಿ ಚಕ್ರ. 1965ರಲ್ಲಿ 427 ಅನ್ನುವ ದೊಡ್ಡ ಇಂಜಿನ್ನಿನ ಕೋಬ್ರಾ ಬಂದಾಗ ಮಡ್‌ಗಾರ್ಡು ಉಬ್ಬಿತು, ಅಗಲವಾದ 15 ಇಂಚಿನ ಹಾಲಿಬ್ರಾಂಡ್ ಚಕ್ರಗಳು ಬಂದವು. ಆ ಉಬ್ಬು ಎತ್ತರದ, ದಪ್ಪ ಪಕ್ಕೆಯ ಟೈರಿಗಾಗಿ ಮಾಡಿದ್ದು. ನಿಮ್ಮ 245/45 ಆರ್ 17 ಟೈರಿನ ಒಟ್ಟು ವ್ಯಾಸ ಸುಮಾರು 652 ಮಿಮೀ. 255/60 ಆರ್ 15 ಹಾಕಿದರೆ 687 ಮಿಮೀ. ರಿಮ್ ಚಿಕ್ಕದಾದರೂ ಚಕ್ರ ದೊಡ್ಡದಾಗುತ್ತದೆ, ಮಡ್‌ಗಾರ್ಡಿನೊಳಗಿನ ಖಾಲಿ ತುಂಬುತ್ತದೆ. 17 ಇಂಚಿನ ರಿಮ್ ಹಾಕಿದ ಕೋಬ್ರಾ ನನ್ನ ಕಣ್ಣಿಗೆ ಯಾವತ್ತೂ ಒಗ್ಗಿಲ್ಲ, ಅದಕ್ಕೆ ಈ ವಿಷಯದಲ್ಲಿ ನಿಮ್ಮ ಪಕ್ಷ ನಾನು.

ಲೆಕ್ಕ ಸುಲಭ. ಅಗಲಕ್ಕೆ ಶೇಕಡಾ ಹಾಕಿದರೆ ಪಕ್ಕೆಯ ಎತ್ತರ, ಅದರ ಎರಡರಷ್ಟಕ್ಕೆ ರಿಮ್ ವ್ಯಾಸ ಕೂಡಿಸಿ. 255ರ ಶೇ. 60 ಅಂದರೆ 153, ಎರಡು ಪಕ್ಕೆ 306, ಜೊತೆಗೆ 15 ಇಂಚು ಅಂದರೆ 381. ಒಟ್ಟು 687. ಹಳೆಯದಕ್ಕಿಂತ ಶೇ. 5ರಷ್ಟು ಜಾಸ್ತಿ. ಹಾಗಾಗಿ ವೇಗದ ಲೆಕ್ಕ ಹಿಂದಿನ ಚಕ್ರದಿಂದ ಬರುತ್ತಿದ್ದರೆ ಮೀಟರ್ 100 ತೋರಿಸುವಾಗ ನೀವು ಮೊದಲಿಗಿಂತ 5 ಕಿಮೀ ಜೋರಾಗಿ ಹೋಗುತ್ತಿರುತ್ತೀರಿ. ಮೀಟರ್ ಸರಿಮಾಡಿಸಿಕೊಳ್ಳಿ.

ಇನ್ನೊಂದು ವಿಷಯ ಗಂಭೀರವಾಗಿ ತಗೊಳ್ಳಿ. 15 ಇಂಚಿನ ಅಗಲ ಟೈರುಗಳ ಆಯ್ಕೆ ಈಗ ಕಡಿಮೆ. ಬಿಳಿ ಅಕ್ಷರದ ಚೆಂದದ ಟೈರುಗಳಲ್ಲಿ ತುಂಬ ಎಸ್ ರೇಟಿಂಗ್‌ನವು, ಅಂದರೆ ಗಂಟೆಗೆ 180 ಕಿಮೀ ಮಿತಿ. ಎಚ್ ಆದರೆ 210, ವಿ ಆದರೆ 240. ನಿಮ್ಮ ಇಂಜಿನ್ ಎಷ್ಟು ವೇಗ ಕೊಡಬಲ್ಲದು ಅನ್ನುವುದು ನಿಮಗೆ ಗೊತ್ತು, ಅದಕ್ಕೆ ತಕ್ಕ ಅಕ್ಷರ ನೋಡಿ. ಪಕ್ಕೆಯ ಮೇಲೆ ನಾಲ್ಕು ಅಂಕಿಯ ತಯಾರಿಕೆ ದಿನಾಂಕ ಇರುತ್ತದೆ, 2319 ಅಂದರೆ 2019ರ 23ನೇ ವಾರ. ಅಪರೂಪದ ಸೈಜು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಅದಕ್ಕೆ ಹೇಳಿದೆ. ನಾನಂತೂ ಬೇಕಾದ ಟೈರು ಸಿಗುತ್ತದೆ ಅಂತ ಖಾತ್ರಿಯಾದ ಮೇಲೇ ರಿಮ್ ಆರ್ಡರ್ ಮಾಡಿದ್ದು.

ಈಗ ಬೋಲ್ಟ್ ವೃತ್ತ, ಅಂದರೆ ಪಿಸಿಡಿ: ನಟ್ ಬಿಗಿಯುವ ಸ್ಟಡ್‌ಗಳ ನಡುಮಧ್ಯದ ಮೂಲಕ ಹಾಯುವ ವೃತ್ತದ ವ್ಯಾಸ. ನಾಲ್ಕು ಸ್ಟಡ್ ಇದ್ದರೆ ಎದುರುಬದುರಿನ ಎರಡರ ನಡುಮಧ್ಯ ಅಳೆದರೆ ಮುಗಿಯಿತು. ಐದಿದ್ದರೆ ಎದುರುಬದುರು ಇರುವುದಿಲ್ಲವಲ್ಲ, ಹಾಗಾಗಿ ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುಮಧ್ಯ ಅಳೆದು 1.701ರಿಂದ ಗುಣಿಸಿ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಹಳೆಯ ಜಾಗ್ವಾರ್ ಹಬ್ (ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗ) 120.65 ಮಿಮೀ. ಬಿಎಂಡಬ್ಲ್ಯು ವೀಲ್‌ಗಳಲ್ಲಿ 120 ತುಂಬ ಸಾಮಾನ್ಯ. ಪಕ್ಕದ ಸ್ಟಡ್ ದೂರದಲ್ಲಿ ಲೆಕ್ಕ ಹಾಕಿದರೆ 70.9 ಮತ್ತು 70.5, ಅರ್ಧ ಮಿಮೀ ಕೂಡ ವ್ಯತ್ಯಾಸ ಇಲ್ಲ. ಟೇಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ವರ್ನಿಯರ್ ಬೇಕು. 120ರ ವೀಲ್ 120.65ರ ಹಬ್ಬಿಗೆ ಹತ್ತುತ್ತದೆ, ನಟ್ಟೂ ಬಿಗಿಯುತ್ತದೆ, ಆದರೆ ಸ್ಟಡ್‌ಗಳು ಸದಾ ಬಾಗಿದ ಒತ್ತಡದಲ್ಲಿ ಇರುತ್ತವೆ. ಹತ್ತಿತು ಅಂದ ಮಾತ್ರಕ್ಕೆ ಸರಿಯಾಯಿತು ಅಂತಲ್ಲ. ದಯವಿಟ್ಟು ಹಾಗೆ ಹಾಕಬೇಡಿ.

ಆಫ್‌ಸೆಟ್ ವಿಚಾರಕ್ಕೆ ಬರೋಣ, ಇದೇ ಮುಖ್ಯ. ಹಬ್ಬಿಗೆ ತಾಗುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಹೊರಗಿದೆ ಅನ್ನುವುದೇ ಇಟಿ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ನಿಮ್ಮ ಈಗಿನ ಹಿಂದಿನ ಚಕ್ರ 8 ಇಂಚು, ಇಟಿ 15 ಅಂತ ಇಟ್ಟುಕೊಳ್ಳಿ. ಅದೇ ಇಟಿಯಲ್ಲಿ 9.5 ಇಂಚಿನದು ಹಾಕಿದರೆ ಅಗಲ 38 ಮಿಮೀ ಹೆಚ್ಚಿತು, ಅಂದರೆ ಒಳಕ್ಕೆ 19, ಹೊರಕ್ಕೆ 19. ಒಳಗೆ ಸಸ್ಪೆನ್ಷನ್ ತೋಳಿಗೋ ಚಾಸಿಗೋ ತಾಗದೆ 8 ಮಿಮೀ ಮಾತ್ರ ಹೋಗಬಹುದು ಅಂತ ಅಳತೆಯಲ್ಲಿ ಗೊತ್ತಾದರೆ, 11 ಮಿಮೀ ಹೊರಗೆ ತಳ್ಳಬೇಕು, ಇಟಿ 4 ಬೇಕು. ಆಗ ಹೊರಕ್ಕೆ ಬರುವುದು 30 ಮಿಮೀ. ಮಡ್‌ಗಾರ್ಡ್ ಅಂಚು ಅಷ್ಟು ಜಾಗ ಕೊಡುತ್ತದಾ? ಕೊಡದಿದ್ದರೆ 9.5 ಇಂಚಿನ ಆಸೆ ಬಿಟ್ಟು 8.5ಕ್ಕೆ ಬನ್ನಿ. ನನಗೆ ಹೀಗೇ ಆಯಿತು, ಬೇಸರವೂ ಆಯಿತು, ಆದರೆ 8.5 ಇಂಚಿನ ಮೇಲೆ 255 ಟೈರು ಹಾಕಿ ನೋಡಿದ ಮೇಲೆ ಕಮ್ಮಿ ಅನಿಸಲಿಲ್ಲ.

ಅಳೆಯುವ ಬಗೆ ಹೇಳುತ್ತೇನೆ. ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಇಬ್ಬರು ಕೂತಷ್ಟು ಭಾರ ಇಡಿ, ಕಾರನ್ನು ಸಮತಟ್ಟು ನೆಲದ ಮೇಲೆ ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿ ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಸಸ್ಪೆನ್ಷನ್ ಕೂರಲಿ. ಗಾರೆಯವರು ಗೋಡೆ ನೋಡುವ ಹಾಗೆ ದಾರಕ್ಕೆ ಒಂದು ನಟ್ ಕಟ್ಟಿ ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಡಿ. ದಾರದಿಂದ ಈಗಿನ ಟೈರಿಗೆ ಎಷ್ಟು ದೂರ, ರಿಮ್ ಅಂಚಿಗೆ ಎಷ್ಟು ದೂರ ಬರೆದುಕೊಳ್ಳಿ. ಆಮೇಲೆ ಚಕ್ರ ಬಿಚ್ಚಿ, ಕಾರನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಪ್ರಿಂಗ್ ತೆಗೆದು, ಹಬ್ಬನ್ನು ಜ್ಯಾಕ್‌ನಿಂದ ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಆಡಿಸಿ ನೋಡಿ. ಹೊಸ ಟೈರಿನ ಸೈಜಿಗೆ ರಟ್ಟಿನ ತುಂಡು ಕತ್ತರಿಸಿ ಹಬ್ಬಿಗೆ ಕಟ್ಟಿದರೆ ಎಲ್ಲೆಲ್ಲಿ ತಾಗುತ್ತದೆ ಅಂತ ಕಾಣುತ್ತದೆ. ಮುಂದಿನ ಚಕ್ರಕ್ಕೆ ಇದನ್ನೇ ಸ್ಟಿಯರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ಮಾಡಿ. ನೇರ ನಿಂತಾಗ ಕೈ ಹೋಗುವಷ್ಟು ಜಾಗ ಇರುತ್ತದೆ, ತಿರುಗಿಸಿದ ಕೂಡಲೇ ಚಾಸಿ ಪೈಪಿಗೆ ಮುಟ್ಟುತ್ತದೆ. ಸ್ಪ್ರಿಂಗ್ ತೆಗೆಯುವುದು ಕಷ್ಟದ ಕೆಲಸ ಅಂತ ಬಿಡಬೇಡಿ, ಅರ್ಧ ದಿನದ ಕೆಲಸ ಅಷ್ಟೇ. ನಾನು ಮೊದಲ ಸಲ ಖಾಲಿ ಕಾರಿನಲ್ಲಿ ಅಳೆದಿದ್ದೆ, ಎಲ್ಲ ಸರಿ ಇತ್ತು. ಇಬ್ಬರು ಕೂತು ಟ್ಯಾಂಕ್ ತುಂಬಿಸಿ ಹೊರಟ ದಿನ ಮೊದಲ ದಿಣ್ಣೆಯಲ್ಲೇ ಬಲಗಡೆ ಹಿಂದಿನ ಟೈರು ಫೈಬರ್ ಅಂಚನ್ನು ಕೆರೆಯಿತು. ಬಣ್ಣ ಹೋಯಿತು, ಅಂಚು ಸೀಳಿತು.

17ರಿಂದ 15ಕ್ಕೆ ಇಳಿಯುವಾಗ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಕೂಡ ನೋಡಬೇಕು. ಹಿಂದಿನ ಮಾಲೀಕರು ದೊಡ್ಡ ಡಿಸ್ಕ್ ಹಾಕಿಸಿದ್ದರೆ 15 ಇಂಚಿನ ರಿಮ್ ಒಳಗೆ ಹೋಗದೆ ಇರಬಹುದು. ವ್ಯಾಪಾರಿಯಿಂದ ಒಂದು ವೀಲ್ ಮಾತ್ರ ನೋಡಲು ಕೇಳಿ ತಗೊಳ್ಳಿ. ಕ್ಯಾಲಿಪರ್ ಮೇಲೆ ಮಕ್ಕಳು ಆಡುವ ಕ್ಲೇ ಉಂಡೆ ಅಂಟಿಸಿ, ಟೈರಿಲ್ಲದ ವೀಲ್ ಹಾಕಿ ನಟ್ ಬಿಗಿದು ಕೈಯಲ್ಲಿ ನಿಧಾನ ಒಂದು ಸುತ್ತು ತಿರುಗಿಸಿ. ಬಿಚ್ಚಿ ನೋಡಿದಾಗ ತೀರಾ ತೆಳುವಾದ ಕಡೆ ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ಜಾಗ. 3 ಮಿಮೀಗಿಂತ ಕಡಿಮೆ ಇದ್ದರೆ ನಾನು ಒಪ್ಪುವುದಿಲ್ಲ. ಹಿಂದುಗಡೆ ಹಳೆಯ ಜಾಗ್ವಾರ್ ಆಕ್ಸಲ್ ಇದ್ದರೆ ಈ ತಲೆನೋವು ಇಲ್ಲ, ಅದರಲ್ಲಿ ಡಿಸ್ಕ್ ಇರುವುದು ಒಳಗೆ, ಡಿಫರೆನ್ಷಿಯಲ್ ಪಕ್ಕದಲ್ಲಿ.

ಈಗ ನಿಮ್ಮ ಸ್ಪೇಸರ್ ಪ್ರಶ್ನೆ. ಸ್ಟಡ್ ಮೇಲೆ ಸುಮ್ನೆ ತೂರಿಸುವ ತೆಳು ತಟ್ಟೆ ಬೇಡ. ಅದು ಎಷ್ಟು ದಪ್ಪವೋ ಅಷ್ಟು ಮರೆ (ಸ್ಟಡ್ ಮೇಲಿನ ತಿರುಪಿನ ಸುತ್ತು) ನಟ್ಟಿಗೆ ಸಿಗದೆ ಹೋಗುತ್ತದೆ, ಜೊತೆಗೆ ವೀಲ್ ಅನ್ನು ನಡುವಿನಲ್ಲಿ ಹಿಡಿಯುವ ಹಬ್ಬಿನ ಏಣೂ ಮುಚ್ಚಿ ಹೋಗುತ್ತದೆ. ನಟ್ ಕಡೇಪಕ್ಷ ಸ್ಟಡ್ ದಪ್ಪದಷ್ಟು ಉದ್ದ ಮರೆ ಹಿಡಿಯಬೇಕು. ಎಂ12, 1.5 ಪಿಚ್ (12 ಮಿಮೀ ದಪ್ಪ, ಒಂದು ಸುತ್ತಿಗೆ 1.5 ಮಿಮೀ) ಆದರೆ ಪೂರ್ತಿ ಎಂಟು ಸುತ್ತು. ಹಬ್ಬಿಗೆ ಬೋಲ್ಟ್ ಆಗಿ ತನ್ನದೇ ಸ್ಟಡ್ ಇರುವ, ನಡುತೂತು ಸರಿಯಾಗಿ ಕೊರೆದ ದಪ್ಪ ಸ್ಪೇಸರ್ ಆದರೆ ಪರವಾಗಿಲ್ಲ, ಹಿಂದುಗಡೆಗೆ ಒಪ್ಪುತ್ತೇನೆ. ಮುಂದುಗಡೆ ನಾನು ಹಾಕುವುದಿಲ್ಲ. ಚಕ್ರ ಹೊರಗೆ ಹೋದಷ್ಟೂ ಸ್ಟಿಯರಿಂಗ್ ತಿರುಗುವ ಅಚ್ಚಿನಿಂದ ಟೈರು ದೂರ ಆಗುತ್ತದೆ. ಆಗ ರಸ್ತೆಯ ಒಂದೊಂದು ಗುಂಡಿಯೂ ಕೈಗೆ ಒದೆಯುತ್ತದೆ, ಒಂದು ಪಕ್ಕದ ಬ್ರೇಕು ಸ್ವಲ್ಪ ಜಾಸ್ತಿ ಹಿಡಿದರೂ ಕಾರು ಆ ಕಡೆಗೆ ಎಳೆಯುತ್ತದೆ, ಬೇರಿಂಗ್ ಮೇಲೂ ಭಾರ ಹೆಚ್ಚು. ಹೊಸ ವೀಲ್ ಕೊಳ್ಳುತ್ತಿದ್ದೀರಿ ಅಲ್ವಾ? ಹಾಗಾದರೆ ಸರಿಯಾದ ಇಟಿ ಇರುವುದನ್ನೇ ಮಾಡಿಸಿ. ಈ ಕಾರುಗಳಿಗೆ ವೀಲ್ ಮಾಡುವವರು ಆಫ್‌ಸೆಟ್ ಕೇಳಿ ಕೊರೆದು ಕೊಡುವುದು ಉಂಟು.

ನಡುವೆ ಒಂದೇ ದೊಡ್ಡ ರೆಕ್ಕೆ ನಟ್ ಇರುವ ಚಕ್ರ ಬೇಕಾ ಅಂತಲೂ ಯೋಚಿಸಿ. ನಿಜವಾದ ಪಿನ್ ಡ್ರೈವ್ ಹಬ್ (ಪಿನ್‌ಗಳು ಚಕ್ರವನ್ನು ತಿರುಗಿಸುತ್ತವೆ, ನಡುವಿನ ನಟ್ ಹಿಡಿದಿಡುತ್ತದೆ) ನೋಡಲು ಬಹಳ ಚೆಂದ. ಆದರೆ ಎಡ ಬಲ ಹಬ್ಬುಗಳ ಮರೆ ಒಂದಕ್ಕೊಂದು ಉಲ್ಟಾ ಇರುತ್ತದೆ, ಅದಲುಬದಲು ಮಾಡುವ ಹಾಗಿಲ್ಲ, ಪ್ರತಿ ಸಲ ಹೊರಡುವ ಮುಂಚೆ ಬಿಗಿ ನೋಡಬೇಕು, ಲಾಕ್ ತಂತಿ ಹಾಕಬೇಕು. ಮಾಮೂಲಿ ಐದು ಸ್ಟಡ್ ಮೇಲೆ ಅಡಾಪ್ಟರ್ ಹಾಕಿ ಪಿನ್ ಡ್ರೈವ್ ಮಾಡುವುದೂ ಇದೆ. ಅದರಲ್ಲಿ ಅಡಾಪ್ಟರ್ ಕೆಳಗಿನ ನಟ್‌ಗಳು ಕಣ್ಣಿಗೆ ಕಾಣದಂತೆ ಕೂತಿರುತ್ತವೆ, ಸಡಿಲವಾದರೆ ಗೊತ್ತಾಗುವುದೇ ಇಲ್ಲ. ನಾನು ಐದು ನಟ್ ಹಾಕಿ ಮೇಲೆ ಅಲಂಕಾರದ ಮುಚ್ಚಳ ಕೂರಿಸುವ ಬಗೆ ಆರಿಸಿಕೊಂಡೆ. ಕೆಲವು ದೇಶಗಳಲ್ಲಿ ಚಾಚಿಕೊಂಡ ರೆಕ್ಕೆ ಇದ್ದರೆ, ಟೈರು ಮಡ್‌ಗಾರ್ಡಿನಿಂದ ಹೊರಗೆ ಬಂದರೆ ವಾಹನ ತಪಾಸಣೆಯಲ್ಲಿ ಪಾಸ್ ಆಗುವುದಿಲ್ಲ, ಅದನ್ನೂ ವಿಚಾರಿಸಿ. ವಿಮೆಯವರಿಗೆ ಬದಲಾವಣೆ ತಿಳಿಸಿಬಿಡಿ.

ಹಾಕುವಾಗ ನನಗೆ ಆದ ಒಂದು ತೊಂದರೆ ಹೇಳಲೇಬೇಕು. ವೀಲ್‌ಗಳಿಗೆ ಒಂದು ಕಡೆ ಪೌಡರ್ ಕೋಟಿಂಗ್ ಮಾಡಿಸಿದ್ದೆ. ಹಬ್ಬಿಗೆ ತಾಗುವ ಮುಖಕ್ಕೂ ನಟ್ ಕೂರುವ ಓರೆಗೂ ದಪ್ಪಗೆ ಬಣ್ಣ ಹೊಡೆದಿದ್ದರು. ಟಾರ್ಕ್ ರೆಂಚಿನಲ್ಲಿ ಸರಿಯಾಗಿಯೇ ಬಿಗಿದೆ. ಅರುವತ್ತು ಕಿಲೋಮೀಟರ್ ಓಡಿದ ಮೇಲೆ ಎಡಗಡೆಯಿಂದ ಟಕ್ ಟಕ್ ಶಬ್ದ. ನಿಲ್ಲಿಸಿ ನೋಡಿದರೆ ಮೂರು ನಟ್ ಕೈಯಲ್ಲೇ ತಿರುಗುತ್ತಿದ್ದವು. ಬಣ್ಣ ಒತ್ತಿ ತೆಳುವಾಗಿ ಬಿಗಿ ಹೋಗಿತ್ತು. ತೂತುಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿ ಆ ವೀಲ್ ಗುಜರಿಗೆ ಹೋಯಿತು. ಇನ್ನಷ್ಟು ದೂರ ಓಡಿಸಿದ್ದರೆ ಏನಾಗುತ್ತಿತ್ತೋ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಆ ಎರಡು ಜಾಗದಲ್ಲಿ ಬರಿ ಲೋಹ ಇರಲಿ. ನಟ್ ಓರೆಯದಾ, ಗುಂಡು ಬುಡದ್ದಾ, ಚಪ್ಪಟೆ ವಾಷರಿನದಾ ನೋಡಿ, ವೀಲ್‌ಗೆ ತಕ್ಕದ್ದೇ ಬೇಕು, ಹಳೆಯ ನಟ್ ಹೊಸ ವೀಲ್‌ಗೆ ಆಗುತ್ತದೆ ಅಂದುಕೊಳ್ಳಬೇಡಿ. ನಕ್ಷತ್ರದ ಗೆರೆ ಎಳೆದ ಹಾಗೆ ಒಂದು ಬಿಟ್ಟು ಒಂದು ಬಿಗಿಯಿರಿ, ಚಕ್ರ ಗಾಳಿಯಲ್ಲಿರುವಾಗ ಅರ್ಧ, ನೆಲಕ್ಕಿಳಿಸಿ ಪೂರ್ತಿ. 50 ಕಿಮೀ ಓಡಿಸಿ ಮತ್ತೆ ನೋಡಿ, 100ಕ್ಕೆ ಇನ್ನೊಮ್ಮೆ.

ಗಾಳಿ ಎಷ್ಟು ಹಾಕಬೇಕು ಅನ್ನುವುದಕ್ಕೆ ಆಕ್ಸಲ್ ಕೊಟ್ಟ ಕಾರಿನ ಪುಸ್ತಕ ನೋಡಬೇಡಿ, ಅದು ನಿಮ್ಮದಕ್ಕಿಂತ ಎಷ್ಟೋ ಭಾರದ ಕಾರು. ನನ್ನದು 1,100 ಕಿಲೋ ಆಸುಪಾಸು. ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ದಪ್ಪ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಎರಡು ಅಂಚು ಮಾತ್ರ ಅಳಿಸಿದರೆ ಕಮ್ಮಿ. ಟೈರು ತಯಾರಕರು ಹೇಳಿದ ಕನಿಷ್ಠ ಗಾಳಿಗಿಂತ ಕೆಳಗೆ ಹೋಗದೆ ಒಂದೊಂದೇ ಪಿಎಸ್‌ಐ ಬದಲಿಸುತ್ತಾ ಹೋಗಿ. ನನ್ನದು 22ರ ಹತ್ತಿರ ನಿಂತಿತು. ಅದಾದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ಟೈರಿನ ವ್ಯಾಸ ಬದಲಾಗಿ ಕಾರಿನ ಎತ್ತರ ಬದಲಾಗಿರುತ್ತದೆ, ಅದಕ್ಕಾಗಿ ಸ್ಪ್ರಿಂಗ್ ಎತ್ತರ ಸರಿಮಾಡಿದರೆ ಕ್ಯಾಂಬರ್ (ಚಕ್ರ ಒಳಕ್ಕೆ ಅಥವಾ ಹೊರಕ್ಕೆ ವಾಲಿದ ಕೋನ) ಕೂಡ ಬದಲಾಗುತ್ತದೆ.

ನಿಮ್ಮ ಆಕ್ಸಲ್ ಯಾವುದು, ನಾಲ್ಕೂ ಕಡೆ ದಾರದ ಅಳತೆ ಎಷ್ಟು ಬಂತು ಅಂತ ಬರೆಯಿರಿ. ಇಟಿ ಲೆಕ್ಕ ನಾನೂ ಕೂತು ಹಾಕಿ ನೋಡುತ್ತೇನೆ.